ಸ್ಟೋಯಿಕ್ ಅಭ್ಯಾಸ: ಓದಿ ಇಡುವುದಲ್ಲ, ದಿನವೂ ಮಾಡುವುದು

ಹಿಂದಿನ ಕಾಲದ ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೀಟಸ್ ತನ್ನ ಶಿಷ್ಯರಿಗೆ ಹೇಳಿಕೊಟ್ಟ ಪಾಠಗಳಲ್ಲಿ ಸ್ನಾನದ ಮನೆಯ ಪಾಠ ನನಗೆ ತುಂಬಾ ಇಷ್ಟ. ರೋಮನ್ನರ ಕಾಲದ ಸ್ನಾನದ ಮನೆ ಎಂದರೆ ಊರಿನವರೆಲ್ಲ ಬಂದು ಸೇರುವ ಜಾಗ. ಹೊರಡುವ ಮುಂಚೆ ಅಲ್ಲಿ ಏನೇನು ನಡೆಯುತ್ತದೆ ಅಂತ ಒಮ್ಮೆ ನೆನಪು ಮಾಡಿಕೋ ಎನ್ನುತ್ತಾನೆ. ನೀರು ಎರಚುವವರು ಇರುತ್ತಾರೆ, ನೂಕುವವರು ಇರುತ್ತಾರೆ, ಬೈಯುವವರು, ಕದಿಯುವವರೂ ಇರುತ್ತಾರೆ. ನಿನಗೆ ಸ್ನಾನವೂ ಆಗಬೇಕು, ಮನಸ್ಸೂ ಕೆಡಬಾರದು. ಎರಡೂ ಬೇಕು ಎಂದುಕೊಂಡೇ ಹೊರಡು. ಆಗ ಯಾರಾದರೂ ನೂಕಿದರೆ, ‘ನಾನು ಬಂದಿದ್ದು ಬರೀ ಸ್ನಾನಕ್ಕಲ್ಲ’ ಅನ್ನುವುದು ತಾನಾಗಿಯೇ ನೆನಪಾಗುತ್ತದೆ.

ಸ್ನಾನದ ಮನೆಯ ಬದಲು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಇಟ್ಟು ನೋಡಿ. ಅಥವಾ ತಾಲ್ಲೂಕು ಕಚೇರಿಯ ಕ್ಯೂ, ಮದುವೆ ಮನೆಯ ಊಟದ ಪಂಕ್ತಿ. ಪಾಠದಲ್ಲಿ ಏನೂ ಬದಲಾಯಿಸಬೇಕಾಗಿಲ್ಲ.

ಸ್ಟೋಯಿಕ್ ಎನ್ನುವ ಈ ತತ್ವ ಶುರುವಾದದ್ದು ಕ್ರಿ.ಪೂ. 300ರ ಸುಮಾರಿಗೆ. ಸೈಪ್ರಸ್‌ನಿಂದ ಬಂದ ಜೀನೋ ಎಂಬಾತ ಅಥೆನ್ಸ್‌ನಲ್ಲಿ, ಗೋಡೆಗೆ ಚಿತ್ರ ಬಿಡಿಸಿದ್ದ ಒಂದು ಕಂಬಸಾಲಿನ ಜಗಲಿಯಲ್ಲಿ ಪಾಠ ಮಾಡುತ್ತಿದ್ದ. ಆದರೆ ನಮಗೆ ಹೆಚ್ಚು ಉಳಿದಿರುವುದು ಮುಂದೆ ರೋಮ್ ಸಾಮ್ರಾಜ್ಯದಲ್ಲಿ ಬದುಕಿದ ಮೂವರ ಮಾತು. ಎಪಿಕ್ಟೀಟಸ್ ಗುಲಾಮನಾಗಿದ್ದವನು. ಸೆನೆಕಾ ನೀರೋ ಚಕ್ರವರ್ತಿಯ ಗುರು, ಸಲಹೆಗಾರ, ಭಾರೀ ಶ್ರೀಮಂತ. ಮಾರ್ಕಸ್ ಔರೇಲಿಯಸ್ ಕ್ರಿ.ಶ. 161ರಿಂದ 180ರವರೆಗೆ ಚಕ್ರವರ್ತಿಯಾಗಿದ್ದವನು. ಈ ಮೂವರಲ್ಲೂ ವಾದಕ್ಕಿಂತ ಅಭ್ಯಾಸವೇ ಜಾಸ್ತಿ. ಆ ಅಭ್ಯಾಸಗಳೆಲ್ಲದರ ಬೇರು ಒಂದೇ ಅಂತ ನನಗೆ ಅನಿಸುತ್ತದೆ: ನಡೆದದ್ದು ಯಾವುದು, ಅದರ ಮೇಲೆ ನಾವು ಸೇರಿಸಿದ್ದು ಯಾವುದು ಎಂದು ಬೇರೆ ಬೇರೆಯಾಗಿ ನೋಡುವುದು. ಅದು ಕೈಗೆ ಹತ್ತಿದರೆ ಉಳಿದದ್ದು ಸುಲಭ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ನಡೆದದ್ದು ಒಂದು ಸಾಲು, ಸೇರಿಸಿದ್ದು ಇನ್ನೊಂದು ಸಾಲು

ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಬರೆದರೂ ಆಗುತ್ತದೆ, ಆದರೆ ಕೈಯಲ್ಲಿ ಬರೆಯುವಾಗ ವೇಗ ಕಡಿಮೆಯಾಗುತ್ತದೆ. ಈ ಕೆಲಸಕ್ಕೆ ಅದೇ ಒಳ್ಳೆಯದು.

ಸಂಜೆ ಏಳು ಗಂಟೆಗೆ ಆಫೀಸಿನ ಮೇಲಿನವರಿಂದ ಒಂದು ಮೆಸೇಜ್ ಬರುತ್ತದೆ: ‘ನಾಳೆ ಬೆಳಿಗ್ಗೆ ಬಂದ ಕೂಡಲೇ ನನ್ನನ್ನು ನೋಡಿ.’ ಅಷ್ಟೇ. ರಾತ್ರಿ ಊಟ ಸೇರುವುದಿಲ್ಲ. ಕೆಲಸ ಹೋಯಿತು, ಮನೆ ಸಾಲದ ಕಂತು ಕಟ್ಟುವುದು ಹೇಗೆ, ಮಗಳ ಫೀಸು ಹೇಗೆ, ನೆಂಟರ ಮುಂದೆ ಏನು ಹೇಳುವುದು ಅಂತ ಮಧ್ಯರಾತ್ರಿವರೆಗೆ ಓಡುತ್ತದೆ ತಲೆ. ಈಗ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ. ನಡೆದದ್ದು: ‘ನಾಳೆ ಬೆಳಿಗ್ಗೆ ನೋಡಿ ಅಂತ ಮೆಸೇಜ್ ಬಂತು.’ ನಾನು ಸೇರಿಸಿದ್ದು: ‘ಕೆಲಸ ಹೋಯಿತು.’ ಎರಡನೇ ಸಾಲು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಜವೇ ಆಗಬಹುದು. ಆದರೆ ಅದು ಮೆಸೇಜಿನಲ್ಲಿ ಬಂದದ್ದಲ್ಲ, ನಿಮ್ಮಲ್ಲಿ ಹುಟ್ಟಿದ್ದು. ಇದು ಕಣ್ಣಿಗೆ ಕಾಣಬೇಕು, ಅಷ್ಟೇ.

ಮಾರ್ಕಸ್ ಔರೇಲಿಯಸ್ ತನಗೋಸ್ಕರ ಬರೆದುಕೊಂಡ ಟಿಪ್ಪಣಿಗಳಲ್ಲಿ ಇದೇ ಕೆಲಸ ಮಾಡುತ್ತಾನೆ. ಒಬ್ಬ ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದ ಅಂತ ಸುದ್ದಿ ಬಂತು. ಸುದ್ದಿ ಇಷ್ಟೇ. ಅದರಿಂದ ನಿನಗೆ ಕೇಡಾಯಿತು ಅನ್ನುವುದು ಸುದ್ದಿಯಲ್ಲಿ ಇರಲಿಲ್ಲ. ಮಗುವಿಗೆ ಹುಷಾರಿಲ್ಲ, ಅದು ನನಗೆ ಕಾಣುತ್ತಿದೆ. ಮಗು ಉಳಿಯುವುದಿಲ್ಲ ಅನ್ನುವುದು ನನಗೆ ಕಾಣುತ್ತಿಲ್ಲ. ಹೀಗೆ ಬರೆದವನು ತನ್ನ ಮಕ್ಕಳಲ್ಲಿ ಹಲವರನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ತಂದೆ. ಮಗುವಿನ ಹಾಸಿಗೆ ಪಕ್ಕ ಕೂತು ಗೊತ್ತಿದ್ದವನ ಮಾತು ಅದು.

ಶುರುವಿನಲ್ಲಿ ದೊಡ್ಡ ನೋವುಗಳ ಮೇಲೆ ಇದನ್ನು ಪ್ರಯೋಗ ಮಾಡಬೇಡಿ. ಎಪಿಕ್ಟೀಟಸ್ ಹೇಳುವುದೂ ಅದನ್ನೇ: ಚಿಕ್ಕದರಿಂದ ಶುರು ಮಾಡು. ಸ್ವಲ್ಪ ಎಣ್ಣೆ ಚೆಲ್ಲಿತು, ಸ್ವಲ್ಪ ವೈನ್ ಕಳುವಾಯಿತು. ನೆಮ್ಮದಿಗೆ ಕೊಡಬೇಕಾದ ಬೆಲೆ ಇದು, ಯಾವುದೂ ಪುಕ್ಕಟೆ ಸಿಗುವುದಿಲ್ಲ ಎಂದುಕೋ. ನಮ್ಮ ಲೆಕ್ಕದಲ್ಲಿ ಉಕ್ಕಿ ಹೋದ ಹಾಲು, ಬಸ್ಸು ತಪ್ಪಿದ್ದು, ಮುಂದಿನವನು ಚಿಲ್ಲರೆಗೆ ಜಗಳ ಮಾಡುತ್ತಾ ಕ್ಯೂ ನಿಲ್ಲಿಸಿದ್ದು. ದಿನಕ್ಕೆ ಒಂದು ಸಿಕ್ಕರೆ ಸಾಕು.

ಮೊದಲ ನಡುಕ ನಿಮ್ಮ ತಪ್ಪಲ್ಲ

ಸ್ಟೋಯಿಕ್ ಎಂದರೆ ಏನೇ ಆದರೂ ಮುಖದ ಗೆರೆ ಕದಲದವನು ಎಂಬ ನಂಬಿಕೆ ಇದೆಯಲ್ಲ, ಅದು ಅಭ್ಯಾಸಕ್ಕೆ ಇಳಿದವರನ್ನು ಬೇಗ ಕಂಗೆಡಿಸುತ್ತದೆ. ಸಿಟ್ಟು ಬಂತು, ಭಯ ಆಯಿತು, ಅಂದರೆ ಇದು ನನ್ನ ಕೈಲಾಗದು ಅಂತ ಬಿಟ್ಟುಬಿಡುತ್ತಾರೆ.

ಎರಡನೇ ಶತಮಾನದ ಲೇಖಕ ಔಲಸ್ ಜೆಲಿಯಸ್ ಒಂದು ಪ್ರಸಂಗ ಹೇಳುತ್ತಾನೆ. ಗ್ರೀಸ್ ಕಡೆಯಿಂದ ಇಟಲಿಗೆ ಹಡಗಿನಲ್ಲಿ ಹೋಗುವಾಗ ಭಾರೀ ಬಿರುಗಾಳಿ. ಹಡಗಿನಲ್ಲಿ ಹೆಸರುವಾಸಿ ಸ್ಟೋಯಿಕ್ ಒಬ್ಬನಿದ್ದ. ಎಲ್ಲರೂ ಅಳುತ್ತಿದ್ದಾಗ ಈತ ಏನು ಮಾಡುತ್ತಾನೆ ಅಂತ ಜೆಲಿಯಸ್ ತಿರುಗಿ ನೋಡಿದ. ಈತ ಅಳುತ್ತಿರಲಿಲ್ಲ. ಆದರೆ ಮುಖ ಮಾತ್ರ ಎಲ್ಲರ ಹಾಗೆ ಬಿಳಿಚಿಕೊಂಡಿತ್ತು. ಗಾಳಿ ನಿಂತ ಮೇಲೆ ಒಬ್ಬ ಸಿರಿವಂತ ಪ್ರಯಾಣಿಕ ಬಂದು, ‘ಏನಯ್ಯ ತತ್ವಜ್ಞಾನಿ, ನೀನೇ ಹೆದರಿದೆ, ನಾನು ಹೆದರಲಿಲ್ಲ’ ಎಂದು ಹಂಗಿಸಿದ. ಆಮೇಲೆ ಜೆಲಿಯಸ್ ಆ ಸ್ಟೋಯಿಕ್‌ನ ಹತ್ತಿರ ಹೋಗಿ ವಿನಯದಿಂದ ಕೇಳಿದಾಗ, ಆತ ಚೀಲದಿಂದ ಎಪಿಕ್ಟೀಟಸ್‌ನ ಮಾತುಗಳ ಐದನೇ ಸಂಪುಟ ತೆಗೆದು ತೋರಿಸಿದ. ದೊಡ್ಡ ಸದ್ದಾದಾಗ, ಏನೋ ಕುಸಿದಾಗ ಜ್ಞಾನಿಯ ಮನಸ್ಸೂ ಅದುರುತ್ತದೆ, ಅವನ ಮುಖವೂ ಬಿಳಿಚುತ್ತದೆ ಎಂದು ಅದರಲ್ಲಿ ಇತ್ತು. ಅದು ತಡೆಯಲಾಗದ್ದು. ವ್ಯತ್ಯಾಸ ಇರುವುದು ಮುಂದಿನ ಗಳಿಗೆಯಲ್ಲಿ. ‘ಇದು ನಿಜಕ್ಕೂ ಕೇಡು’ ಎಂಬ ಆ ಮೊದಲ ಅನಿಸಿಕೆಗೆ ಜ್ಞಾನಿ ಒಪ್ಪಿಗೆ ಕೊಡುವುದಿಲ್ಲ, ಉಳಿದವರು ಕೊಟ್ಟುಬಿಡುತ್ತಾರೆ. ಆ ಐದನೇ ಸಂಪುಟ ಈಗ ಇಲ್ಲ, ಕಳೆದುಹೋಗಿದೆ. ಜೆಲಿಯಸ್ ಬರೆದಿಟ್ಟಿದ್ದರಿಂದ ಈ ಮಾತು ನಮಗೆ ಸಿಕ್ಕಿದೆ. ಸಿಕ್ಕಿದ್ದು ನಮ್ಮ ಪುಣ್ಯ.

ಹಾಗಾಗಿ ಎದೆ ಧಸಕ್ ಅಂದರೆ ಅನ್ನಲಿ. ಕಿವಿ ಬಿಸಿಯಾದರೆ ಆಗಲಿ. ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ. ನಿಮ್ಮ ಕೆಲಸ ಶುರುವಾಗುವುದು ಅದಾದ ಮೇಲೆ. ‘ಈಗ ನನ್ನ ತಲೆ ಏನು ಹೇಳುತ್ತಿದೆ? ಅದಕ್ಕೆ ನಾನು ಹೂಂ ಅನ್ನಬೇಕಾ?’ ಎಂದು ಕೇಳಿಕೊಳ್ಳಿ.

ಗುರಿಯನ್ನು ತಿದ್ದಿ ಬರೆಯುವುದು

ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಎಪಿಕ್ಟೀಟಸ್‌ನ ಕೈಪಿಡಿ ಶುರುವಾಗುವುದೇ ಈ ಮಾತಿನಿಂದ. ಇದನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಅವನ ಪಟ್ಟಿ ಎಷ್ಟು ಕಟ್ಟುನಿಟ್ಟು ಅಂತ ಗಮನಿಸಿದವರು ಕಡಿಮೆ. ಹಣ, ಹೆಸರು, ಹುದ್ದೆ ನಮ್ಮ ಕೈಯಲ್ಲಿಲ್ಲ, ಸರಿ. ನಮ್ಮ ದೇಹವೂ ಇಲ್ಲ ಎನ್ನುತ್ತಾನೆ. ಉಳಿಯುವುದು ನಾವು ಏನನ್ನು ನಿಜ ಅಂತ ಒಪ್ಪುತ್ತೇವೆ, ಏನನ್ನು ಬಯಸುತ್ತೇವೆ, ಏನು ಮಾಡಲು ಹೊರಡುತ್ತೇವೆ ಎನ್ನುವುದು ಮಾತ್ರ. ಕುಂಟುತ್ತಿದ್ದ, ಒಂದು ಕಾಲಕ್ಕೆ ಇನ್ನೊಬ್ಬನ ಸ್ವತ್ತಾಗಿದ್ದ ಮನುಷ್ಯ ಇದನ್ನು ಹೇಳುತ್ತಿದ್ದಾನೆ.

ಹಾಗಾದರೆ ಮಿಕ್ಕದ್ದಕ್ಕೆ ಪ್ರಯತ್ನವೇ ಬೇಡವಾ? ಬೇಕು. ಸ್ಟೋಯಿಕರು ಇದಕ್ಕೆ ಬಿಲ್ಲುಗಾರನ ಉದಾಹರಣೆ ಕೊಡುತ್ತಿದ್ದರು. ಗುರಿ ಹಿಡಿಯುವುದು, ಹೆದೆ ಎಳೆಯುವುದು, ಸರಿಯಾದ ಹೊತ್ತಿಗೆ ಬಿಡುವುದು ಅವನದು. ಬಾಣ ಬಿಟ್ಟ ಮೇಲೆ ಗಾಳಿ ಬೀಸಬಹುದು. ಅವನ ಕೆಲಸ ಚೆನ್ನಾಗಿ ಬಿಡುವುದು.

ಇದನ್ನು ಮಾಡುವುದು ಹೀಗೆ. ಈ ವಾರ ನಿಮ್ಮನ್ನು ಕಾಡುತ್ತಿರುವ ಒಂದು ಆಸೆ ಬರೆಯಿರಿ. ‘ಇಂಟರ್‌ವ್ಯೂನಲ್ಲಿ ಸೆಲೆಕ್ಟ್ ಆಗಬೇಕು.’ ಅದರ ಕೆಳಗೆ ಅದನ್ನೇ ತಿದ್ದಿ ಬರೆಯಿರಿ: ‘ಕಂಪನಿ ಬಗ್ಗೆ ಸರಿಯಾಗಿ ಓದಿಕೊಂಡು, ಸಮಯಕ್ಕೆ ಮುಂಚೆ ಹೋಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಬರಬೇಕು.’ ‘ಅತ್ತೆ ನನ್ನನ್ನು ಮೆಚ್ಚಬೇಕು’ ಎನ್ನುವುದು ‘ಅತ್ತೆ ಜೊತೆ ಮರ್ಯಾದೆಯಿಂದ, ಮುಚ್ಚುಮರೆ ಇಲ್ಲದೆ ನಡೆದುಕೊಳ್ಳಬೇಕು’ ಎಂದಾಗುತ್ತದೆ. ತಿದ್ದಿದ ಮೇಲೆ ಗುರಿ ಚಿಕ್ಕದಾಯಿತು ಅಂತ ಅನಿಸಬಹುದು. ಮಾಡಿ ನೋಡಿದರೆ ಕೆಲಸ ಹೆಚ್ಚಾಗಿರುತ್ತದೆ. ಸುಮ್ನೆ ಆಸೆಪಡುವುದಕ್ಕೆ ಏನೂ ಖರ್ಚಿಲ್ಲ. ಓದಿಕೊಂಡು ಹೋಗುವುದಕ್ಕೆ ಎರಡು ಸಂಜೆ ಬೇಕು.

ಸೆನೆಕಾ ಇದಕ್ಕೆ ಇನ್ನೊಂದು ಸೇರಿಸುತ್ತಾನೆ. ‘ಹಡಗಿನಲ್ಲಿ ಹೋಗುತ್ತೇನೆ, ಅಡ್ಡಿ ಏನೂ ಬರದಿದ್ದರೆ’ ಎಂದುಕೊಂಡೇ ಹೊರಡಬೇಕಂತೆ. ‘ದೇವರ ದಯೆ ಇದ್ದರೆ ಬರ್ತೀವಿ’ ಎಂದು ನಮ್ಮ ಹಿರಿಯರು ಹೇಳುವುದು ಕಿವಿಗೆ ಅಭ್ಯಾಸವಾಗಿದೆ ಅಲ್ವಾ? ಅದನ್ನು ಬಾಯಿಮಾತಾಗಿ ಬಿಡದೆ, ನಿಜಕ್ಕೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಇಲ್ಲಿ ಬೇಕಾದದ್ದು.

ಬೆಳಿಗ್ಗೆ ಐದು ನಿಮಿಷ

ಮೊಬೈಲ್ ಕೈಗೆ ತೆಗೆದುಕೊಳ್ಳುವ ಮುಂಚೆ, ಕಾಫಿ ಕುಡಿಯುತ್ತಾ ಮಾಡಿ. ಇವತ್ತು ನನಗೆ ಕಷ್ಟವಾಗಬಹುದಾದ ಒಬ್ಬ ವ್ಯಕ್ತಿ ಅಥವಾ ಒಂದು ಕೆಲಸ ಯಾವುದು? ಆಗ ನಾನು ಹೇಗೆ ನಡೆದುಕೊಳ್ಳಬೇಕು ಅಂತಿದ್ದೇನೆ? ಎರಡೇ ಪ್ರಶ್ನೆ.

ಮಾರ್ಕಸ್‌ನ ಪ್ರಸಿದ್ಧ ಮಾತು ಇಲ್ಲಿ ಬರುತ್ತದೆ. ಇವತ್ತು ತಲೆಹಾಕುವವರು, ಉಪಕಾರ ನೆನೆಯದವರು, ಸೊಕ್ಕಿನವರು, ಮೋಸಗಾರರು, ಹೊಟ್ಟೆಕಿಚ್ಚಿನವರು ನನಗೆ ಎದುರಾಗುತ್ತಾರೆ ಎಂದು ಬೆಳಿಗ್ಗೆಯೇ ಹೇಳಿಕೋ ಎನ್ನುತ್ತಾನೆ. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಇಷ್ಟಕ್ಕೇ ನಿಲ್ಲಿಸಿದರೆ ಇದು ಜನರನ್ನು ಕೀಳಾಗಿ ನೋಡುವ ಅಭ್ಯಾಸವಾಗುತ್ತದೆ. ಅವನು ಮುಂದುವರಿಸುತ್ತಾನೆ: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳಿಯದೆ ಅವರು ಹೀಗಾಗಿದ್ದಾರೆ. ಅವರೂ ನನ್ನ ನಂಟರೇ. ಎರಡು ಪಾದ, ಎರಡು ಕೈ, ಮೇಲಿನ ಮತ್ತು ಕೆಳಗಿನ ಹಲ್ಲುಸಾಲಿನ ಹಾಗೆ ನಾವು ಒಟ್ಟಿಗೆ ಕೆಲಸ ಮಾಡಲು ಹುಟ್ಟಿದವರು. ಮೊದಲ ಅರ್ಧ ಹೇಳಿಕೊಂಡರೆ ಎರಡನೇ ಅರ್ಧವನ್ನೂ ಹೇಳಿಕೊಳ್ಳಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಸಿಟ್ಟು ಬಂದಾಗ: ತಡ ಮಾಡಿ

ಸಿಟ್ಟಿನ ಬಗ್ಗೆ ಸೆನೆಕಾ ಮೂರು ಭಾಗದ ದೊಡ್ಡ ಬರಹವನ್ನೇ ಬರೆದಿದ್ದಾನೆ. ಅವನು ಹೇಳುವ ದೊಡ್ಡ ಮದ್ದು ಒಂದೇ, ತಡ ಮಾಡುವುದು. ಅದರಲ್ಲಿ ಪ್ಲೇಟೋ ಬಗ್ಗೆ ಒಂದು ಕಥೆ ಹೇಳುತ್ತಾನೆ. ಪ್ಲೇಟೋಗೆ ಒಬ್ಬ ಗುಲಾಮನ ಮೇಲೆ ಸಿಟ್ಟು ಬಂತು. ಅಂಗಿ ಬಿಚ್ಚಿ ಬೆನ್ನು ಕೊಡು ಎಂದು ಗದರಿಸಿ, ಹೊಡೆಯಲು ತಾನೇ ಕೈ ಎತ್ತಿದ. ಎತ್ತಿದ ಮೇಲೆ ತನಗೆ ಸಿಟ್ಟು ಬಂದಿದೆ ಅನ್ನುವುದು ಅವನಿಗೆ ಅರಿವಾಯಿತು. ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡು ನಿಂತ. ಅಷ್ಟರಲ್ಲಿ ಬಂದ ಗೆಳೆಯನೊಬ್ಬ, ‘ಏನು ಮಾಡ್ತಿದ್ದೀಯ?’ ಎಂದು ಕೇಳಿದ. ‘ಸಿಟ್ಟಾದ ಒಬ್ಬ ಮನುಷ್ಯನಿಗೆ ಶಿಕ್ಷೆ ಕೊಡ್ತಿದ್ದೀನಿ’ ಎಂದ ಪ್ಲೇಟೋ.

ನಮ್ಮಲ್ಲಿ ಆ ಕೈ ಈಗ ಮೊಬೈಲ್ ಮೇಲೆ ಇರುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಭಾವ ಆಸ್ತಿ ವಿಷಯ ಎತ್ತಿ ಏನೋ ಚುಚ್ಚಿ ಬರೆದಿದ್ದಾರೆ. ಉತ್ತರ ಟೈಪ್ ಮಾಡಿ, ಆದರೆ ಆ ಗ್ರೂಪಿನಲ್ಲಿ ಅಲ್ಲ. ನೋಟ್ಸ್‌ನಲ್ಲಿ ಟೈಪ್ ಮಾಡಿ. ಬೇಕಾದಷ್ಟು ಖಾರವಾಗಿಯೇ ಬರೆಯಿರಿ. ಬೆಳಿಗ್ಗೆವರೆಗೆ ಅಲ್ಲೇ ಇರಲಿ. ಬೆಳಿಗ್ಗೆ ಓದಿದ ಮೇಲೂ ಕಳಿಸಲೇಬೇಕು ಅನಿಸಿದರೆ ಕಳಿಸಿ. ಎದುರಾಎದುರು ನಡೆಯುವ ಜಗಳದಲ್ಲಿ ಬೆಳಿಗ್ಗೆವರೆಗೆ ಕಾಯಲು ಆಗುವುದಿಲ್ಲ. ಅಲ್ಲಿ ‘ನೀರು ಕುಡಿದು ಬರ್ತೀನಿ’ ಎಂದು ಎದ್ದು ಒಳಗೆ ಹೋಗುವುದು ಎಷ್ಟೋ ಮನೆಗಳನ್ನು ಉಳಿಸುತ್ತದೆ.

ತಿಂಗಳಿಗೊಂದು ದಿನ ಕಡಿಮೆಯಲ್ಲಿ

ಇದೂ ಸೆನೆಕಾನದ್ದೇ. ರೋಮ್‌ನಲ್ಲಿ ಡಿಸೆಂಬರ್ ತಿಂಗಳ ಹಬ್ಬದ ಗದ್ದಲದ ನಡುವೆ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರದಲ್ಲಿದೆ. ಕೆಲವು ದಿನ ಅಗ್ಗದ ಊಟ, ಒರಟು ಬಟ್ಟೆಯಲ್ಲಿ ಕಳೆದು, ‘ನಾನು ಹೆದರುತ್ತಿದ್ದದ್ದು ಇದಕ್ಕೇನಾ?’ ಎಂದು ಕೇಳಿಕೋ ಎನ್ನುತ್ತಾನೆ. ಒಂದು ದಿನ ಗಂಜಿ, ಉಪ್ಪಿನಕಾಯಿ. ಆಟೋ ಬಿಟ್ಟು ನಡಿಗೆ. ಟಿವಿ ಇಲ್ಲ, ಆನ್‌ಲೈನ್ ಆರ್ಡರ್ ಇಲ್ಲ. ಏಕಾದಶಿ, ರಂಜಾನ್ ಉಪವಾಸ ಮಾಡುವವರಿಗೆ ಹಸಿವು ಹೊಸದಲ್ಲ. ಇಲ್ಲಿ ಹೊಸದು ಆ ಪ್ರಶ್ನೆ ಮಾತ್ರ, ಅದನ್ನು ಬಿಡಬೇಡಿ. ಒಂದು ವಿಷಯ ನೇರವಾಗಿ ಹೇಳಬೇಕು: ಇದನ್ನು ಬರೆದವನು ರೋಮ್‌ನ ಅತಿ ಶ್ರೀಮಂತರಲ್ಲಿ ಒಬ್ಬ. ತಿಂಗಳ ಕೊನೆ ತಲುಪುವುದೇ ಕಷ್ಟ ಎನ್ನುವವರಿಗೆ ಈ ಅಭ್ಯಾಸದ ಅಗತ್ಯವಿಲ್ಲ. ಅವರು ಇದನ್ನು ಪೂರ್ತಿ ಬಿಡಬಹುದು.

ರಾತ್ರಿ ಲೆಕ್ಕ

ನನ್ನನ್ನು ಕೇಳಿದರೆ, ಎಲ್ಲ ಬಿಟ್ಟರೂ ಇದೊಂದನ್ನು ಬಿಡಬಾರದು. ಸೆನೆಕಾ ಇದನ್ನು ಸೆಕ್ಸ್ಟಿಯಸ್ ಎಂಬ ಹಿಂದಿನವನಿಂದ ಕಲಿತ. ದೀಪ ತೆಗೆದ ಮೇಲೆ, ತನ್ನ ಈ ಅಭ್ಯಾಸ ಗೊತ್ತಿರುವ ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ತಿರುಗಿ ನೋಡುತ್ತೇನೆ ಎನ್ನುತ್ತಾನೆ. ತನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಪ್ರಶ್ನೆಗಳು ಮೂರು. ಇವತ್ತು ನಿನ್ನ ಯಾವ ಕೆಟ್ಟ ಚಾಳಿಗೆ ಮದ್ದು ಮಾಡಿದೆ? ಯಾವ ದೋಷಕ್ಕೆ ಎದುರು ನಿಂತೆ? ಯಾವುದರಲ್ಲಿ ಸ್ವಲ್ಪ ಉತ್ತಮನಾದೆ?

ಅವನು ಕೊಡುವ ಉದಾಹರಣೆಗಳು ದೊಡ್ಡ ಪಾಪಗಳಲ್ಲ. ಆ ಚರ್ಚೆಯಲ್ಲಿ ನೀನು ಜಗಳಗಂಟನ ಹಾಗೆ ಮಾತಾಡಿದೆ. ಅವನಿಗೆ ಬುದ್ಧಿ ಹೇಳುವಾಗ ಬೇಕಾದ್ದಕ್ಕಿಂತ ಜಾಸ್ತಿ ಬಿಚ್ಚಿ ಹೇಳಿದೆ, ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ. ಮುಂದಿನ ಸಲ, ಹೇಳುತ್ತಿರುವುದು ನಿಜವಾ ಅಂತ ಮಾತ್ರವಲ್ಲ, ಕೇಳುವವನು ಅದನ್ನು ತಾಳಿಕೊಳ್ಳಬಲ್ಲನಾ ಅಂತಲೂ ನೋಡು. ಇಷ್ಟು ನಿರ್ದಿಷ್ಟವಾಗಿ ಬರೆಯಬೇಕು. ‘ಇವತ್ತು ತಾಳ್ಮೆ ಕಳೆದುಕೊಂಡೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಹೋಮ್‌ವರ್ಕ್ ಮಾಡುವಾಗ ಮಗ ಎರಡನೇ ಸಲ ಅದೇ ಲೆಕ್ಕ ತಪ್ಪಿಸಿದ್ದಕ್ಕೆ ಪುಸ್ತಕ ಎಸೆದೆ’ ಎಂದು ಬರೆದರೆ ನಾಳೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಲೆಕ್ಕ ಮುಗಿದ ಮೇಲೆ ಸೆನೆಕಾ ತನಗೆ ತಾನೇ ಹೇಳಿಕೊಳ್ಳುತ್ತಾನೆ: ‘ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ.’ ಈ ಮಾತು ಹೇಳಿಕೊಳ್ಳದೆ ಮಲಗಬೇಡಿ. ತನ್ನನ್ನು ತಾನು ಬೈದುಕೊಂಡೇ ನಿದ್ದೆ ಹೋಗುವ ಅಭ್ಯಾಸ ಸ್ಟೋಯಿಕರದ್ದಲ್ಲ.

ಇದನ್ನು ಬೇರೆಯವರ ಮೇಲೆ ಹೊರಿಸಬೇಡಿ

‘ನಿನ್ನ ಮನಸ್ಸು ನಿನ್ನ ಕೈಯಲ್ಲಿದೆ’ ಎಂಬುದು ನಮಗೆ ನಾವೇ ಹೇಳಿಕೊಳ್ಳುವ ಮಾತು. ಗಂಡನ ಏಟು ತಿನ್ನುತ್ತಿರುವ ಹೆಣ್ಣುಮಗಳಿಗೆ, ತಿಂಗಳುಗಟ್ಟಲೆ ಸಂಬಳ ಸಿಗದ ಕೆಲಸಗಾರನಿಗೆ ಇದನ್ನು ಹೇಳುವುದು ಅನ್ಯಾಯ. ಸ್ಟೋಯಿಕರು ಎಣಿಸುವ ನಾಲ್ಕು ಗುಣಗಳಲ್ಲಿ ವಿವೇಕ, ಸಂಯಮದ ಜೊತೆಗೆ ಧೈರ್ಯ ಮತ್ತು ನ್ಯಾಯವೂ ಇವೆ. ಸಹಿಸಿಕೊಂಡು ಕೂರುವುದನ್ನು ಅವರು ಕಲಿಸಲಿಲ್ಲ.

ರೋಮ್‌ನ ಆಡಳಿತ ಸಭೆಯಾದ ಸೆನೆಟ್‌ನ ಸದಸ್ಯ ಹೆಲ್ವಿಡಿಯಸ್ ಪ್ರಿಸ್ಕಸ್ ಬಗ್ಗೆ ಎಪಿಕ್ಟೀಟಸ್ ಹೇಳುವ ಪ್ರಸಂಗ ಇದಕ್ಕೆ ಸಾಕ್ಷಿ. ಸೆನೆಟ್ ಸಭೆಗೆ ಬರಬೇಡ ಎಂದು ಚಕ್ರವರ್ತಿ ವೆಸ್ಪಾಸಿಯನ್ ಹೇಳಿಕಳಿಸಿದ. ‘ನನ್ನನ್ನು ಸದಸ್ಯತ್ವದಿಂದ ತೆಗೆಯುವುದು ನಿಮ್ಮ ಕೈಯಲ್ಲಿದೆ. ಸದಸ್ಯನಾಗಿರುವವರೆಗೆ ನಾನು ಬರಲೇಬೇಕು’ ಎಂದ ಪ್ರಿಸ್ಕಸ್. ‘ಹಾಗಾದರೆ ಬಾ, ಬಾಯಿ ಮುಚ್ಚಿಕೊಂಡಿರು.’ ‘ನೀವು ನನ್ನ ಅಭಿಪ್ರಾಯ ಕೇಳಬೇಡಿ, ನಾನು ಸುಮ್ಮನಿರುತ್ತೇನೆ.’ ‘ಕೇಳದೆ ಆಗುವುದಿಲ್ಲ.’ ‘ಹಾಗಾದರೆ ನನಗೆ ಸರಿ ಕಂಡದ್ದನ್ನು ಹೇಳದೆ ನನಗೂ ಆಗುವುದಿಲ್ಲ.’ ‘ಹೇಳಿದರೆ ಕೊಲ್ಲಿಸುತ್ತೇನೆ.’ ‘ನನಗೆ ಸಾವೇ ಇಲ್ಲ ಅಂತ ನಾನು ಯಾವಾಗ ಹೇಳಿದೆ? ನಿಮ್ಮ ಕೆಲಸ ನೀವು ಮಾಡಿ, ನನ್ನದು ನಾನು ಮಾಡುತ್ತೇನೆ.’ ಮುಂದೆ ಅವನನ್ನು ಗಡಿಪಾರು ಮಾಡಿ ಕೊಲ್ಲಿಸಲಾಯಿತು. ಕೈಯಲ್ಲಿರುವುದು, ಇಲ್ಲದ್ದು ಎಂಬ ವಿಂಗಡಣೆಯನ್ನು ಹಿಡಿದೇ ಅವನು ಎದುರು ನಿಂತದ್ದು. ಆಫೀಸಿನಲ್ಲಿ ದೂರು ಕೊಡಬೇಕೋ ಬೇಡವೋ ಎಂದು ಯೋಚಿಸುವವರಿಗೆ ಈ ಮಾತುಕತೆ ಓದಿ ಹೇಳಬಹುದು.

ಇನ್ನೊಂದು ಎಚ್ಚರಿಕೆ. ಮನಸ್ಸಿನ ಚಿಕಿತ್ಸೆಗೆ ಹೆಸರಾದ ಆಲ್ಬರ್ಟ್ ಎಲ್ಲಿಸ್ ಮತ್ತು ಆರನ್ ಬೆಕ್ ಇಬ್ಬರೂ ತಮ್ಮ ಚಿಕಿತ್ಸಾ ವಿಧಾನಗಳಿಗೆ ಸ್ಟೋಯಿಕರ ಋಣ ಇದೆ ಎಂದು ಹೇಳಿದ್ದಾರೆ, ನಿಜ. ಹಾಗಂತ ನೋಟ್‌ಬುಕ್ ಚಿಕಿತ್ಸೆಯಾಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದೂ ಬೇಡ ಅನಿಸುತ್ತಿದೆ, ಸಾಯಬೇಕು ಅನಿಸುತ್ತಿದೆ ಎಂದರೆ ವೈದ್ಯರನ್ನು ನೋಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಓದುವುದಾದರೆ

ಮೊದಲು ಎಪಿಕ್ಟೀಟಸ್‌ನ ಕೈಪಿಡಿ. ಅವನು ತಾನಾಗಿ ಏನನ್ನೂ ಬರೆಯಲಿಲ್ಲ, ಶಿಷ್ಯ ಅರಿಯನ್ ಬರೆದಿಟ್ಟದ್ದು. ತುಂಬಾ ಚಿಕ್ಕದು, ಒಂದು ಸಂಜೆಯಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ಮತ್ತೆ ಓದಬೇಕಾಗುತ್ತದೆ. ಆಮೇಲೆ ಸೆನೆಕಾನ ಪತ್ರಗಳು. ಒಟ್ಟು 124 ಉಳಿದಿವೆ, ವಾರಕ್ಕೊಂದು ಓದಿದರೂ ಅವಸರವಿಲ್ಲ. ಕೊನೆಗೆ ಮಾರ್ಕಸ್. ಅವನ ಟಿಪ್ಪಣಿಗಳ 12 ಭಾಗಗಳಲ್ಲಿ ಮೊದಲನೆಯದನ್ನು ಬಹಳ ಜನ ಹಾರಿಸುತ್ತಾರೆ, ಬರೀ ಹೆಸರುಗಳು ಅಂತ. ಹಾರಿಸಬೇಡಿ. ಅಜ್ಜನಿಂದ ಇದು ಕಲಿತೆ, ಅಮ್ಮನಿಂದ ಸರಳವಾಗಿ ಬದುಕುವುದನ್ನು ಕಲಿತೆ ಎಂದು ಒಬ್ಬೊಬ್ಬರನ್ನೇ ನೆನೆಯುವ ಪಟ್ಟಿ ಅದು. ರುಸ್ಟಿಕಸ್ ಎಂಬ ಗುರು ತನ್ನ ಸ್ವಂತ ಪ್ರತಿಯನ್ನೇ ಕೊಟ್ಟು ಎಪಿಕ್ಟೀಟಸ್‌ನ ಮಾತುಗಳನ್ನು ಪರಿಚಯ ಮಾಡಿಸಿದ ಎಂಬುದೂ ಅದರಲ್ಲಿದೆ. ಅದನ್ನು ಓದಿದ ಮೇಲೆ ನಿಮ್ಮ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ನಿಮ್ಮದೇ ಪಟ್ಟಿ ಶುರು ಮಾಡಿ. ಒಂದು ಹೆಸರು, ಅದರ ಪಕ್ಕದಲ್ಲಿ ಅವರಿಂದ ಕಲಿತದ್ದು ಒಂದು ಸಾಲು. ಬದುಕಿರುವವರ ಹೆಸರು ಬಂದರೆ, ಒಂದು ಫೋನ್ ಮಾಡಿ ಅವರಿಗೂ ಹೇಳಿ.